ನಮ್ಮ ಮಗಳ ಕೇಳುಮನೆ

ನಮ್ಮ ಮಗಳು ಹುಟ್ಟಿದ್ದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಗುರುವಾರ ಆಸ್ಪತ್ರೆಯಿಂದ ಮನೆಗೆ ಹೊರಡುವ ಹೊತ್ತಿಗೂ ಅವಳ ಅಳು ಯಾರ ಮನೆಯಲ್ಲಿ ಕೇಳಿಸುತ್ತಿದೆ ಎಂದು ಗೊತ್ತಾಗಿರಲಿಲ್ಲ.

ಈ ಊರಿನಲ್ಲಿ ಹಸುಗೂಸಿನ ಅಳು ಹೆತ್ತವರಿಗೆ ಕೇಳಿಸುವುದಿಲ್ಲ. ಮಗುವಿನ ಪಕ್ಕದಲ್ಲೇ ಕೂತ ಬೇರೆಯವರಿಗೂ ಕೇಳಿಸುವುದಿಲ್ಲ. ಊರಿನ ಇನ್ಯಾವುದೋ ಒಂದು ಮನೆಯಲ್ಲಿ, ಅಲ್ಲೇ ತೊಟ್ಟಿಲು ಕಟ್ಟಿದ್ದಾರೇನೋ ಎನ್ನುವಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಅದಕ್ಕೆ ಆ ಮಗುವಿನ ಕೇಳುಮನೆ ಎನ್ನುತ್ತಾರೆ. ಕೇಳಿದವರು ಒಲೆಯ ಮೇಲಿದ್ದುದನ್ನು ಇಳಿಸಿ, ಒಂದು ಅಚ್ಚು ಬೆಲ್ಲ ಕೈಯಲ್ಲಿ ಹಿಡಿದು, ಯಾರಿಗೆ ಹೆರಿಗೆಯಾಯಿತು ಎಂದು ದಾರಿಯುದ್ದಕ್ಕೂ ವಿಚಾರಿಸುತ್ತಾ ಓಡಿಬರುತ್ತಾರೆ. ಅಲ್ಲಿಂದಾಚೆಗೆ ಮೊದಲ ಹಲ್ಲು ಮೂಡುವವರೆಗೂ ಆ ಮಗುವಿಗೆ ಹಸಿವಾಯಿತೋ ಹೊಟ್ಟೆ ನುಲಿಯಿತೋ ಎಂದು ಬಂದು ಹೇಳುವ ಕೆಲಸ ಅವರದು.

ನಾನು ಹೊರಗಿನಿಂದ ಮದುವೆಯಾಗಿ ಬಂದವಳು. ನನ್ನ ಗಂಡ ಧರಣೇಂದ್ರ ಈ ಊರಿನ ಪೋಸ್ಟ್‌ಮನ್. ಮದುವೆಗೆ ಮೊದಲು ಇದನ್ನು ಹೇಳಿದಾಗ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಬಂದ ಮೂರನೇ ದಿನವೇ ಪಕ್ಕದ ಮನೆಯ ಪುಟ್ಟಗೌರಮ್ಮ ಒಗ್ಗರಣೆ ಸೌಟನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಬೀದಿಗೆ ಓಡಿದರು. "ಏನಾಯ್ತು" ಎಂದು ಕೇಳಿದೆ. "ಕುಂಬಾರ ಬೀದಿ ಕೂಸಿಗೆ ಹಸಿವಾಗೈತೆ ಕಣವ್ವ" ಎಂದು ಹೇಳಿ ತಿರುವಿನಲ್ಲಿ ಮರೆಯಾದರು. ಪುಟ್ಟಗೌರಮ್ಮ ತಮ್ಮ ಜೀವಮಾನದಲ್ಲಿ ಒಟ್ಟು ನಾಲ್ಕು ಮಕ್ಕಳನ್ನು ಕೇಳಿದವರು. ಅದನ್ನು ಅವರು ಹೊಸಬರಿಗೆಲ್ಲ ಮೊದಲ ಭೇಟಿಯಲ್ಲೇ ಹೇಳುತ್ತಿದ್ದರು.

ನನಗೆ ತಾಯಿ ಇಲ್ಲ. ಅತ್ತೆ, ಮಾವ ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಹಾಗಾಗಿ ಹೆರಿಗೆ ಇಲ್ಲೇ ಆಯಿತು. ಮಗುವನ್ನು ಕೈಗೆತ್ತಿಕೊಂಡ ನರ್ಸ್ ಹಸೀನಾ ಬಾನು, ಊರಿಗೆಲ್ಲ ಹಸೀನಕ್ಕ, ಅದರ ಬಾಯನ್ನೂ ಎದೆಯನ್ನೂ ಬಣ್ಣವನ್ನೂ ನೋಡಿ, "ಚೆನ್ನಾಗಿ ಅಳ್ತಿದಾಳೆ ವಿಮಲಾ, ಇನ್ನು ಅರ್ಧ ಗಂಟೇಲಿ ಯಾರಾದ್ರೂ ಬೆಲ್ಲ ಹಿಡ್ಕೊಂಡು ಬರ್ತಾರೆ ನೋಡು" ಎಂದರು. ನಾನು ಬಾಗಿಲನ್ನೇ ನೋಡುತ್ತಾ ಮಲಗಿದ್ದೆ. ಪಕ್ಕದ ಮಂಚದವಳ ಮಗುವಿಗೆ ಎರಡು ಬೀದಿ ಆಚೆಯಿಂದ ದರ್ಜಿಯ ಹೆಂಡತಿ ಬಂದಳು. ನಮ್ಮದಕ್ಕೆ ಯಾರೂ ಬರಲಿಲ್ಲ.

ಮನೆಗೆ ಬಂದ ಮೇಲೆ ನಮ್ಮ ಕೆಲಸ ಒಂದೇ ಆಯಿತು. ಮಗುವಿನ ಮುಖ ನೋಡುತ್ತಾ ಕೂರುವುದು. ಅವಳ ತುಟಿ ನಡುಗುತ್ತದೆ, ಮುಖ ಕೆಂಪಾಗುತ್ತದೆ, ಬಾಯಿ ಅಗಲವಾಗುತ್ತದೆ, ಕಿರುನಾಲಿಗೆ ಕಾಣುವಷ್ಟು. ಆದರೆ ಗೋಡೆ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಕೇಳಿಸುವುದಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿದರೂ ಅವಳು ಎಷ್ಟು ಹೊತ್ತಿನಿಂದ ಅಳುತ್ತಿದ್ದಳೋ ಎಂದು ಗಾಬರಿಯಾಗುತ್ತಿತ್ತು. ಧರಣೇಂದ್ರ ಮತ್ತು ನಾನು ಸರದಿಯ ಮೇಲೆ ಕಾಯುತ್ತಿದ್ದೆವು. ಅವರು ಕಾಗದ ಹಂಚಲು ಹೋದಾಗ ಪ್ರತಿ ಬಾಗಿಲಲ್ಲೂ, "ನಿಮಗೊಂದು ಲೆಟರ್ ಇದೆ. ಅಂದ ಹಾಗೆ, ನಿಮ್ಮನೇಲಿ ಮಗು ಏನಾದ್ರೂ ಕೇಳಿಸ್ತಾ?" ಎನ್ನುತ್ತಿದ್ದರು. ಕಾಗದ ಇಲ್ಲದ ಮನೆಗಳ ಬಾಗಿಲನ್ನೂ ತಟ್ಟಿದರು. ಎಲ್ಲರೂ ಇಲ್ಲ ಎಂದರು. ಹೇಳುವಾಗ ತಾವೇ ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಿದ್ದರಂತೆ.

ಒಂಬತ್ತನೇ ದಿನ ಹಸೀನಕ್ಕ ಜೋಲಿ ತಕ್ಕಡಿ ತಂದು ಮಗುವನ್ನು ತೂಗಿದರು. ಹುಟ್ಟಿದಾಗ ಎರಡು ಕಿಲೋ ಒಂಬೈನೂರು ಗ್ರಾಂ ಇದ್ದವಳು ಎರಡು ಐನೂರೈವತ್ತಕ್ಕೆ ಇಳಿದಿದ್ದಳು. ಮುಳ್ಳನ್ನು ಎರಡು ಸಲ ನೋಡಿದ ಹಸೀನಕ್ಕ ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಇಡೀ ಊರಿನಲ್ಲಿ ಯಾರಿಗೂ ಬೇಡದ ಮಗುವನ್ನು ಹೆತ್ತೆನೇನೋ ಎಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ಹುಚ್ಚಿ, ಅಳೋದನ್ನ ಆಮೇಲೆ ಅಳು. ಈಗ ಹಾಲು ಕುಡಿಸು, ನಾನು ನೋಡ್ಬೇಕು" ಎಂದರು. ನಾನು ಕುಡಿಸಿದೆ. ಅವರು ಬಗ್ಗಿ ನೋಡಿ, ಕಿರುಬೆರಳಿನಿಂದ ಮಗುವಿನ ಬಾಯಿ ಬಿಡಿಸಿದರು. "ತುದೀನ ಮಾತ್ರ ಚೀಪ್ತಿದಾಳೆ. ಹೀಗಾದ್ರೆ ನಿನಗೆ ನೋವು, ಅವಳಿಗೆ ಉಪವಾಸ. ಬೆನ್ನಿಗೆ ದಿಂಬು ಕೊಟ್ಕೊ. ಅವಳ ಹೊಟ್ಟೆ ನಿನ್ನ ಹೊಟ್ಟೆಗೆ ತಾಗ್ಲಿ. ಬಾಯಿ ಪೂರ್ತಿ ತೆರೆಯೋವರೆಗೆ ಕಾಯಿ. ಹಾಂ, ಈಗ." ಮಗುವಿನ ಗಂಟಲಲ್ಲಿ ಗುಟುಕು ಇಳಿಯುವುದು ಆ ದಿನ ಮೊದಲ ಬಾರಿಗೆ ಕಂಡಿತು. "ಇನ್ನೊಂದು ಮಾತು. ಅಳೋದು ಮಕ್ಕಳ ಕೊನೇ ಮಾತು ಕಣಮ್ಮ. ಅದಕ್ಕೆ ಮುಂಚೆ ಕೈನ ಬಾಯಿಗೆ ತಗೊಳ್ತಾರೆ, ಕತ್ತು ಆ ಕಡೆ ಈ ಕಡೆ ತಿರುಗಿಸಿ ಹುಡುಕ್ತಾರೆ, ತುಟಿ ಚಪ್ಪರಿಸ್ತಾರೆ. ಅದನ್ನ ನೋಡಿ ಕುಡಿಸು. ಅಳೋವರೆಗೂ ಕಾಯ್ಬೇಡ." ಡಾಕ್ಟರರನ್ನೂ ಕರೆಸಿ ತೋರಿಸಿದರು. ಮಗುವಿಗೆ ಬೇರೇನೂ ತೊಂದರೆ ಇಲ್ಲ, ದಿನ ಬಿಟ್ಟು ದಿನ ತೂಗಿ ನೋಡಿ ಎಂದು ಅವರು ಹೇಳಿಹೋದರು.

ಅಂದು ಮಧ್ಯಾಹ್ನವೇ ಪುಟ್ಟಗೌರಮ್ಮ ಬೀದಿಯ ಹೆಂಗಸರನ್ನು ನಮ್ಮ ಜಗಲಿಯ ಮೇಲೆ ಕೂಡಿಸಿ ಸರದಿ ಹಂಚಿದರು. ಇಬ್ಬಿಬ್ಬರು ಎರಡೆರಡು ಗಂಟೆ ಮಗುವಿನ ಮುಖ ನೋಡುತ್ತಾ ಕೂರಬೇಕು, ನಾನು ಒಳಗೆ ಮಲಗಬೇಕು. ಸಬ್ಬಸಿಗೆ ಸೊಪ್ಪಿನ ಸಾರು ಒಂದು ಮನೆಯಿಂದ, ಬೆಳ್ಳುಳ್ಳಿ ಚಟ್ನಿ ಪುಡಿ ಇನ್ನೊಂದು ಮನೆಯಿಂದ ಬಂತು. ಒಂಬತ್ತು ದಿನಗಳಲ್ಲಿ ಮೊದಲ ಸಲ ನಾನು ಮೂರು ಗಂಟೆ ಒಂದೇ ಸಮನೆ ನಿದ್ದೆ ಮಾಡಿದೆ. ಎದ್ದಾಗ ಯಾರೋ ನನ್ನ ತಲೆಗೂದಲನ್ನು ಬಿಡಿಸಿ ಜಡೆ ಹಾಕಿದ್ದರು. ಯಾರೆಂದು ಈವತ್ತಿಗೂ ಗೊತ್ತಿಲ್ಲ.

ಆದರೆ ಹಸೀನಕ್ಕನಿಗೆ ಸಮಾಧಾನವಿರಲಿಲ್ಲ. "ಕೇಳುಮನೆ ಇಲ್ಲದ ಮಗು ಇರಲ್ಲ. ಎಲ್ಲೋ ಕೇಳಿಸ್ತಾ ಇದೆ, ಸದ್ದಲ್ಲಿ ಮುಳುಗಿಹೋಗ್ತಾ ಇದೆ ಅಷ್ಟೆ" ಎಂದರು. ಅವರಿಗೆ ಹೊಳೆದ ಉಪಾಯ ಸರಳವಾಗಿತ್ತು. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾಲು ಗಂಟೆ ಇಡೀ ಊರು ಸುಮ್ಮನಿರಬೇಕು. ಎಲ್ಲರೂ ತಂತಮ್ಮ ಮನೆಯೊಳಗೆ ನಿಂತು ಕಿವಿಗೊಡಬೇಕು. ಸೈಕಲ್ಲಿನಲ್ಲಿ ಅವರು ಒಂದು ದಿಕ್ಕಿಗೆ, ಧರಣೇಂದ್ರ ಇನ್ನೊಂದು ದಿಕ್ಕಿಗೆ ಹೋದರು. ಶಾಲೆಯವರು ಒಪ್ಪಿದರು. ಬಸ್ ನಿಲ್ದಾಣದ ಕಂಟ್ರೋಲರ್ ಒಪ್ಪಿದರು. ಮರ ಕೊಯ್ಯುವವರು, ಕಮ್ಮಾರರು, ಗುಡಿಯ ಮೈಕಿನವರು, ಮಸೀದಿಯ ಮೈಕಿನವರು, ಎಲ್ಲರೂ ಸರಿ ಎಂದರು. ಸಂತೆ ಮೈದಾನದ ಆಚೆಗಿನ ಹಿಟ್ಟಿನ ಗಿರಣಿಯ ಸಣ್ಣೀರಪ್ಪ ಮಾತ್ರ ಕೈ ಆಡಿಸಿ ಆಗಲ್ಲ ಎಂದರಂತೆ.

ಸಣ್ಣೀರಪ್ಪನವರ ಗಿರಣಿ ಡೀಸೆಲ್ ಇಂಜಿನ್ನಿನದು. ಬೆಳಗಿನಿಂದ ಸಂಜೆಯವರೆಗೆ ಅದರ ಬಡಿತ ಊರಿಗೆಲ್ಲ ಕೇಳುತ್ತಿತ್ತು. ಅವರು ವಾಸವಾಗಿದ್ದುದೂ ಗಿರಣಿಯ ಹಿಂದಿನ ಕೋಣೆಯಲ್ಲೇ. ಗಿರಣಿ ನಿಂತ ಮೇಲೆ ರೇಡಿಯೋ ಜೋರಾಗಿ ಹಾಕಿಕೊಂಡು ಮಲಗುತ್ತಾರೆ ಎಂದು ಜನ ಹೇಳುತ್ತಿದ್ದರು. ಧರಣೇಂದ್ರ ಎರಡನೇ ಸಲ ಹೋಗಿ ಬೇಡಿಕೊಂಡರೂ ಅವರು ಬಗ್ಗಲಿಲ್ಲ. ಶುಕ್ರವಾರ ಮಧ್ಯಾಹ್ನ ನಾನು ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಪುಟ್ಟಗೌರಮ್ಮನ ಮಡಿಲಲ್ಲಿ ಬಿಟ್ಟು ಹೊರಟೆ. "ಹನ್ನೆರಡು ದಿನದ ಬಾಣಂತಿ ಬೀದಿಗೆ ಇಳಿಯೋದುಂಟಾ" ಎಂದು ಅವರು ಗೊಣಗುತ್ತಲೇ ನನ್ನ ಕಿವಿಗೆ ಹತ್ತಿ ತುರುಕಿ ಕಳಿಸಿದರು.

ಗಿರಣಿಯಲ್ಲಿ ಏಳೆಂಟು ಹೆಂಗಸರು ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡು ನಿಂತಿದ್ದರು. ಇಂಜಿನ್ನಿನ ಏಟು ಎದೆಗೆ ಬಡಿಯುತ್ತಿತ್ತು. ರೆಪ್ಪೆಯವರೆಗೂ ಬೆಳ್ಳಗಾಗಿದ್ದ ಸಣ್ಣೀರಪ್ಪ ನನ್ನನ್ನು ನೋಡಿ, "ರಾಗಿನೋ ಗೋಧಿನೋ" ಎಂದು ಕೂಗಿದರು. ಎರಡೂ ಅಲ್ಲ ಎಂದು ನಾನೂ ಕೂಗಿದೆ. ತಲೆಗೆ ಕಟ್ಟಿದ ಬಟ್ಟೆ ನೋಡಿ ಅವರಿಗೆ ಅರ್ಥವಾಯಿತು. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಅಲ್ಲಿ ಸದ್ದು ಸ್ವಲ್ಪ ಕಡಿಮೆ. ಆದರೂ ಅವರು ಕೂಗಿಯೇ ಮಾತಾಡುತ್ತಿದ್ದರು. ಮೂವತ್ತು ವರ್ಷದ ಅಭ್ಯಾಸ.

"ನಿನ್ನ ಗಂಡನಿಗೂ ಹೇಳಿದೀನಿ ತಾಯಿ. ನಮ್ಮ ಮನೆಗೆ ಯಾವ ಕೂಸೂ ಬರಲ್ಲ. ನಾನು ನಿಲ್ಲಿಸಿದ್ರೂ ಒಂದೇ, ಬಿಟ್ರೂ ಒಂದೇ."

"ಬರಲ್ಲ ಅಂತ ಹೇಗೆ ಹೇಳ್ತೀರಿ?"

ಅವರು ಗೂಡಿನಲ್ಲಿದ್ದ ಒಂದು ಖಾಲಿ ಹಿತ್ತಾಳೆ ಡಬ್ಬಿ ತೋರಿಸಿದರು. "ನಮ್ಮ ದೇವೀರಿ ಇದ್ರಲ್ಲಿ ಬೆಲ್ಲ ಇಟ್ಟಿರ್ತಿದ್ಲು. ನಮಗೆ ಮಕ್ಕಳಾಗ್ಲಿಲ್ಲ. ಹೋಗ್ಲಿ, ಬೇರೆಯವರ ಕೂಸಾದ್ರೂ ಕೇಳುತ್ತೆ, ಓಡೋಕೆ ತಯಾರಾಗಿರ್ಬೇಕು ಅಂತ. ಪ್ರತಿ ಯುಗಾದಿಗೂ ಹಳೇದು ತೆಗೆದು ಹೊಸ ಬೆಲ್ಲ ಇಡೋಳು. ಸಾಯಂಕಾಲ ನಾನು ಗಿರಣಿ ನಿಲ್ಲಿಸಿದ ಕೂಡ್ಲೆ ನನ್ನ ಬಾಯಿ ಮುಚ್ಚಿಸಿ ಕಿವಿಗೊಟ್ಟು ಕೂರೋಳು. ಇಪ್ಪತ್ತೆರಡು ವರ್ಷ ಕೂತ್ಲು. ಬರ್ಲಿಲ್ಲ. ಅವಳು ಹೋದ್ಮೇಲೆ ಸದ್ದು ನಿಂತ್ರೆ ನಾನೂ ಹಂಗೇ ಕೂತುಬಿಡ್ತೀನಿ. ಅದಕ್ಕೇ ರೇಡಿಯೋ."

ನಾನು ಬಂದದ್ದು ಜಗಳ ಮಾಡಿಯಾದರೂ ಒಪ್ಪಿಸಬೇಕೆಂದು. ಈಗ ಆ ಡಬ್ಬಿಯನ್ನು ನೋಡುತ್ತಾ, "ನನಗೂ ಅವಳ ದನಿ ಹೇಗಿದೆ ಅಂತ ಗೊತ್ತಿಲ್ಲ. ಹನ್ನೆರಡು ದಿನದಿಂದ ಬಾಯಿ ಮಾತ್ರ ನೋಡ್ತಿದೀನಿ. ನಿಮ್ಮ ಸದ್ದು ನಿಂತ್ರೆ ಬೇರೆ ಯಾರ ಮನೇಲಾದ್ರೂ ಕೇಳಿಸಬಹುದು" ಎಂದಷ್ಟೇ ಹೇಳಿದೆ.

ಸಣ್ಣೀರಪ್ಪ ಕೈಯಲ್ಲಿದ್ದ ಹಿಟ್ಟನ್ನು ಪಂಚೆಗೆ ಒರೆಸಿಕೊಂಡರು. "ಕಾಲು ಗಂಟೆ" ಎಂದರು. "ಅದೂ ನಿನಗೋಸ್ಕರ. ಈಗ ಮನೆಗೆ ನಡಿ, ಗಾಳಿ ಜೋರಾಗೈತೆ."

ಶನಿವಾರ ಹನ್ನೊಂದು ಗಂಟೆಯಾಯಿತು. ಮೊದಲು ಬಸ್ ನಿಲ್ದಾಣದ ಗದ್ದಲ ನಿಂತಿತು. ಆಮೇಲೆ ಶಾಲೆಯದು, ಕುಲುಮೆಯದು, ಮರದ ಗರಗಸದ್ದು. ಅಷ್ಟು ದಿನ ಊರಿನಲ್ಲಿ ಏನೇನು ಸದ್ದಿತ್ತು ಎಂದು ಅದು ಒಂದೊಂದಾಗಿ ಇಲ್ಲವಾದಾಗ ತಿಳಿಯಿತು. ಕಡೆಗೆ ಗಿರಣಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಗಲು ಹೊತ್ತಿನಲ್ಲಿ ಅದು ಹಾಗೆ ನಿಂತದ್ದು ದೇವೀರಮ್ಮ ತೀರಿಕೊಂಡ ದಿನ ಬಿಟ್ಟರೆ ಅದೇ ಮೊದಲು ಎಂದು ಪುಟ್ಟಗೌರಮ್ಮ ಪಿಸುಗುಟ್ಟಿದರು. ಇಡೀ ಊರು ಉಸಿರು ಬಿಗಿಹಿಡಿದು ನಮ್ಮ ಮಗಳ ಅಳುವಿಗೆ ಕಾಯುತ್ತಿತ್ತು.

ನಮ್ಮ ಮಗಳು ನಿದ್ದೆ ಮಾಡುತ್ತಿದ್ದಳು.

ಹಸೀನಕ್ಕನ ಪಾಠ ಚೆನ್ನಾಗಿ ಕೆಲಸ ಮಾಡಿತ್ತು. ಹತ್ತೂವರೆಗೆ ಹೊಟ್ಟೆ ತುಂಬ ಕುಡಿದು, ಎರಡೂ ಮುಷ್ಟಿ ಬಿಚ್ಚಿ, ನನ್ನ ತೊಡೆಯ ಮೇಲೆ ಕರಗಿದ ಬೆಣ್ಣೆಯಂತೆ ಮಲಗಿದ್ದಳು. ಐದು ನಿಮಿಷ ಕಳೆಯಿತು. ಧರಣೇಂದ್ರ ಗಡಿಯಾರ ನೋಡಿದರು. ಪುಟ್ಟಗೌರಮ್ಮ ಬಟ್ಟೆ ಬಿಚ್ಚಿದರು. ಅವಳು ಆಕಳಿಸಿದಳು. ಅಂಗಾಲು ಕೆರೆದರು. ಅವಳು ಕಾಲು ಮಡಚಿಕೊಂಡು ನಿದ್ದೆಯಲ್ಲೇ ನಕ್ಕಳು. ಹಸೀನಕ್ಕನಿಗೂ ನಗು ಬಂದು, ಸದ್ದಾಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡರು. ಹತ್ತನೇ ನಿಮಿಷಕ್ಕೆ ಒದ್ದೆ ಬಟ್ಟೆಯಿಂದ ಅವಳ ಹೊಟ್ಟೆಯನ್ನು ಒರೆಸಿದರು. ಆಗ ಅವಳ ಹುಬ್ಬು ಗಂಟಾಯಿತು, ತುಟಿ ಕೆಳಗೆ ಬಾಗಿತು, ಬಾಯಿ ತೆರೆಯಿತು. ಮೈಯೆಲ್ಲ ಕೆಂಪಾಗಿ ಅತ್ತಳು. ನಡುವೆ ಒಂದು ಸೀನು ಬಂತು. ಸೀನಿ ಮತ್ತೆ ಅತ್ತಳು. ಹಸೀನಕ್ಕ ಕಣ್ಣಿನಲ್ಲೇ ಸಾಕೆಂದರು. ನಾನು ಅವಳನ್ನು ಎತ್ತಿ ಎದೆಗೆ ಹಾಕಿಕೊಂಡೆ. ಗೋಡೆ ಗಡಿಯಾರದ ಸದ್ದು ಮಾತ್ರ.

ಮೊದಲು ಕೇಳಿಸಿದ್ದು ನಾಯಿಗಳು ಬೊಗಳುವುದು. ಆಮೇಲೆ ಚಪ್ಪಲಿಯಿಲ್ಲದ ಕಾಲುಗಳ ದಪದಪ. ಅದು ಸಂತೆ ಮೈದಾನದ ಕಡೆಯಿಂದ ಬರುತ್ತಿತ್ತು, ಹತ್ತಿರವಾಗುತ್ತಿತ್ತು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ತಲೆಯಿಂದ ಕಾಲಿನವರೆಗೆ ಬಿಳಿಯಾಗಿದ್ದ ಸಣ್ಣೀರಪ್ಪ, ಅರವತ್ತು ದಾಟಿದ ಆ ಮನುಷ್ಯ, ಪಂಚೆ ಮೇಲಕ್ಕೆ ಎತ್ತಿಕಟ್ಟಿ ಓಡಿಬರುತ್ತಿದ್ದರು. ಅವರ ಹಿಂದೆ ದಾರಿಯುದ್ದಕ್ಕೂ ಹಿಟ್ಟು ಉದುರಿತ್ತು. ನಮ್ಮ ಹೊಸ್ತಿಲಲ್ಲಿ ನಿಂತು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಅವರು ಏದುಸಿರು ಬಿಟ್ಟರು.

"ಬಂದೈತೆ. ನಮ್ಮ ಮನೆಗೆ ಬಂದೈತೆ."

ಹಸೀನಕ್ಕ ಗಟ್ಟಿ ಹೆಂಗಸು. "ಏನು ಕೇಳಿಸ್ತು ಸರಿಯಾಗಿ ಹೇಳಿ" ಎಂದರು.

"ಮೊದ್ಲು ಎರಡು ಸಲ ಬಿಕ್ಕಿತು. ಆಮೇಲೆ ಒಂದೇ ಸಮ ಶುರುವಾಯ್ತು. ನಡುವೆ ಗಕ್ಕಂತ ನಿಂತೋಯ್ತು. ನನ್ನ ಎದೇನೂ ನಿಂತೋಯ್ತು. ಆಮೇಲೆ ಮತ್ತೆ ಬಂತು."

"ಆಗ ಸೀನಿದ್ಲು" ಎಂದು ನಾನು ಹೇಳಿದೆ.

ಅವರು ಬಲಗೈ ಮುಂದೆ ಚಾಚಿದರು. ಬೆಲ್ಲವಿರಲಿಲ್ಲ. ಮುಷ್ಟಿಯಲ್ಲಿ ಒಂದು ಹಿಡಿ ರಾಗಿಹಿಟ್ಟಿತ್ತು. "ಕೈಗೆ ಸಿಕ್ಕಿದ್ದು ಹಿಡ್ಕೊಂಡು ಬಂದೆ ಕಣವ್ವ" ಎನ್ನುತ್ತಾ ಅವರು ಅತ್ತರು. ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಎರಡು ಗೆರೆ ಮೂಡಿತು. ಪುಟ್ಟಗೌರಮ್ಮ ಆ ಹಿಟ್ಟನ್ನು ತಟ್ಟೆಗೆ ಸುರಿಸಿಕೊಂಡು, ಒಳಗೆ ಹೋಗಿ ಬೆಲ್ಲ ಹಾಕಿ ಅಂಬಲಿ ಕಾಯಿಸಿ, ಇದ್ದವರಿಗೆಲ್ಲ ಒಂದೊಂದು ಗುಟುಕು ಕೊಟ್ಟರು. ಅಷ್ಟರಲ್ಲಿ ಬಸ್ ನಿಲ್ದಾಣದವರೆಗೂ ಸುದ್ದಿ ಮುಟ್ಟಿ, ನಿಂತಿದ್ದ ಬಸ್ಸುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು.

ನಾಲ್ಕು ದಿನ ಬಿಟ್ಟು ಹಸೀನಕ್ಕನ ಅಪ್ಪಣೆ ಪಡೆದು ನಾನು ಮತ್ತೆ ಗಿರಣಿಗೆ ಹೋದೆ. ಮಗು ಮನೆಯಲ್ಲಿ ಅಪ್ಪನ ಹತ್ತಿರ ಇತ್ತು. ಕೇಳುಮನೆಯೊಳಗೆ ಕೂತರೆ ಹೆತ್ತವರಿಗೂ ಕೇಳಿಸುತ್ತದೆ. ಆದರೆ ನನ್ನ ಮಗಳನ್ನು ಕೇಳಬೇಕಾದರೆ ನಾನು ಅವಳಿಂದ ದೂರ ಹೋಗಬೇಕಿತ್ತು. ಸಣ್ಣೀರಪ್ಪ ಇಂಜಿನ್ ನಿಲ್ಲಿಸಿ, ಗೋಣಿಚೀಲ ಮಡಚಿ ಹಾಕಿ ನನ್ನನ್ನು ಕೂರಿಸಿದರು. ಹಿಟ್ಟಿಗೆ ಬಂದಿದ್ದ ಹೆಂಗಸರೂ ಡಬ್ಬಗಳ ಮೇಲೆಯೇ ಕೂತರು. ಯಾರೂ ತಡವಾಯಿತು ಎನ್ನಲಿಲ್ಲ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಹಿಟ್ಟು ಬೀಳುವ ದೊಡ್ಡ ಬಟ್ಟೆ ಚೀಲದ ಹತ್ತಿರ, ನೆಲದಿಂದ ಮೊಳದೆತ್ತರದಲ್ಲಿ, ಯಾರೋ ಬಿಕ್ಕಿದರು.

ಆ ದನಿ ನಾನು ಊಹಿಸಿದಂತೆ ಇರಲೇ ಇಲ್ಲ. ತೆಳ್ಳಗಿರುತ್ತದೆ, ಬೆಕ್ಕಿನ ಮರಿಯಂತೆ ಇರುತ್ತದೆ ಎಂದುಕೊಂಡಿದ್ದೆ. ಅದು ಸ್ವಲ್ಪ ಒರಟಾಗಿತ್ತು, ಸಿಟ್ಟಿನದಾಗಿತ್ತು, ಪ್ರತಿ ಉಸಿರಿನ ಕೊನೆಗೆ ಯಾರನ್ನೋ ಗದರಿಸುವಂತೆ ಮೇಲಕ್ಕೇರುತ್ತಿತ್ತು. ನನ್ನ ಅಜ್ಜಿ ಕೋಳಿ ಅಟ್ಟುವಾಗ ಹೀಗೇ ಗದರುತ್ತಿದ್ದಳು. ನಾನು ನಕ್ಕೆ. ನಗುನಗುತ್ತಿರುವಾಗಲೇ ಎರಡೂ ಎದೆ ಜುಮ್ಮೆಂದು ಹಾಲು ಸುರಿದು ಕುಪ್ಪಸ ತೊಯ್ದುಹೋಯಿತು. ಅಷ್ಟು ದಿನ ಹನಿ ಹನಿಯಾಗಿ ಬರುತ್ತಿದ್ದುದು ಈಗ ತಡೆಯಲಾಗದಂತೆ ಹರಿಯಿತು. ಹೆಂಗಸೊಬ್ಬಳು ತನ್ನ ಶಾಲು ತೆಗೆದು ನನಗೆ ಹೊದಿಸಿದಳು.

"ಹಸಿವಿನದು" ಎಂದರು ಸಣ್ಣೀರಪ್ಪ, ಬಲ್ಲವರ ಹಾಗೆ. "ಓಡು."

ನಾನು ಓಡಿದೆ. ಬಾಣಂತಿ ಓಡಬಾರದು ಎಂದು ಯಾರೋ ಕೂಗಿದರು, ಇನ್ಯಾರೋ ದಾರಿ ಬಿಡಿಸಿದರು. ಮನೆ ಮುಟ್ಟಿ ಮಗುವನ್ನು ಎದೆಗಿಟ್ಟುಕೊಂಡೆ. ಅವಳು ಗುಟುಕರಿಸತೊಡಗಿದ ಸ್ವಲ್ಪ ಹೊತ್ತಿಗೆ ದೂರದಲ್ಲಿ ಗಿರಣಿಯ ಇಂಜಿನ್ ಶುರುವಾಯಿತು. ಅಲ್ಲಿ ಅಳು ನಿಂತಿದೆ ಎಂದು ಅದರಿಂದ ತಿಳಿಯಿತು.

ಮುಂದಿನ ದಿನಗಳಲ್ಲಿ ಊರಿನ ಹಿಟ್ಟಿನ ಲೆಕ್ಕಾಚಾರವೇ ಬದಲಾಯಿತು. ಸಣ್ಣೀರಪ್ಪ ಅರ್ಧ ಗಂಟೆಗೊಮ್ಮೆ ಇಂಜಿನ್ ನಿಲ್ಲಿಸಿ ಕಿವಿಗೊಡುತ್ತಿದ್ದರು. ರೇಡಿಯೋವನ್ನು ಧರಣೇಂದ್ರನಿಗೆ ಕೊಟ್ಟುಬಿಟ್ಟರು. ಹಸಿವಿನ ಅಳು ಗದರುತ್ತದೆ, ಹೊಟ್ಟೆನೋವಿನದು ಇದ್ದಕ್ಕಿದ್ದಂತೆ ಚೀರಿ ತುಂಡಾಗುತ್ತದೆ, ನಿದ್ದೆಯದು ರಾಗವಾಗಿ ಇಳಿಯುತ್ತದೆ ಎಂದು ಒಂದೊಂದಾಗಿ ಕಲಿತರು. ಕಲಿತದ್ದನ್ನು ರಾಗಿ ಬೀಸಲು ಬಂದವರಿಗೆಲ್ಲ ಕೂಗಿ ಹೇಳಿದರು. ಮಗುವಿಗೆ ಒಂದೂವರೆ ತಿಂಗಳಾದಾಗ ಹಸೀನಕ್ಕ ತೂಗಿದರು. ಮೂರು ಕಿಲೋ ಒಂಬೈನೂರು. "ಗಿರಣಿ ಮನೆ ಮಗು ಅಲ್ವಾ" ಎಂದು ತಕ್ಕಡಿಯ ಜೋಲಿಯೊಳಗಿದ್ದವಳ ಕೆನ್ನೆ ಹಿಂಡಿದರು.

ಮೂರನೇ ತಿಂಗಳಲ್ಲಿ ನಾಮಕರಣ ಇಟ್ಟುಕೊಂಡೆವು. ಈ ಊರಿನಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವುದು ಕೇಳುಮನೆಯವರು. ಸಣ್ಣೀರಪ್ಪ ಎಂಟು ದಿನದಿಂದ ರಾಗಿ ಚೀಲದ ಮುಂದೆ ಕೂತು ಪಿಸುಮಾತು ಅಭ್ಯಾಸ ಮಾಡುತ್ತಿದ್ದಾರೆ ಎಂದು ಸುದ್ದಿ ಬಂದಿತ್ತು. ಆ ದಿನ ಗರಿಗರಿ ಪಂಚೆಯುಟ್ಟು ಬಂದರು. ಒಂದು ಕಣ ಹಿಟ್ಟಿಲ್ಲದ ಅವರ ಮುಖವನ್ನು ಜನ ಮೊದಲ ಸಲ ನೋಡಿದರು. ಮಗುವನ್ನು ಅವರ ಮಡಿಲಲ್ಲಿ ಇಟ್ಟೆವು. ಅವರು ಬಗ್ಗಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ದೀರ್ಘವಾಗಿ ಉಸಿರೆಳೆದುಕೊಂಡು, "ಮಂದಾಕಿನಿ" ಎಂದರು.

ಸಂತೆ ಮೈದಾನದಲ್ಲಿ ಮೇಯುತ್ತಿದ್ದ ಎಮ್ಮೆಗಳೂ ತಲೆಯೆತ್ತಿರಬೇಕು. ಮಂದಾಕಿನಿ ಬೆಚ್ಚಿಬಿದ್ದು, ತುಟಿ ಬಾಗಿಸಿ, ಬಾಯಿ ತೆರೆದಳು. ಮುಖ ಕೆಂಪಾಯಿತು. ಮನೆಯ ತುಂಬ ಜನ, ಆದರೆ ಅವಳು ಏನು ಹೇಳುತ್ತಿದ್ದಾಳೆ ಎಂದು ಯಾರಿಗೂ ತಿಳಿಯುವಂತಿಲ್ಲ. ಸಣ್ಣೀರಪ್ಪ ಅವಳ ಬಾಯನ್ನೇ ದಿಗಿಲಿನಿಂದ ನೋಡಿದರು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, "ಎಲೆ ಹಾಕ್ಬೇಡಿ, ಒಂದು ಗಳಿಗೆ ತಾಳಿ, ಕೇಳ್ಕೊಂಡು ಬರ್ತೀನಿ" ಎಂದು ಹೊಸ ಪಂಚೆಯನ್ನು ಎತ್ತಿಕಟ್ಟಿ ಹೊರಗೆ ಓಡಿದರು.

ನಾವು ಕಾದೆವು. ನಾನು ಅವಳನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದೆ. ಪಾಯಸ ಆರುತ್ತದೆಂದು ಪುಟ್ಟಗೌರಮ್ಮ ಮುಚ್ಚಳ ಮುಚ್ಚಿದರು. ಅರ್ಧ ದಾರಿಯಿಂದಲೇ ಸಣ್ಣೀರಪ್ಪನ ದನಿ ಕೇಳಿಸಿತು. ಬಾಗಿಲಿಗೆ ಬಂದಾಗ ಮೈಯೆಲ್ಲ ಬೆವರು, ಮುಖದ ತುಂಬ ನಗು.

"ಹೆಸರಿಗಲ್ಲ ಕಣವ್ವ ಅತ್ತಿದ್ದು. ನಿದ್ದೆ ಅಳು ಅದು. ಹೆಸರು ಒಪ್ಪಿಗೆಯಾಗೈತೆ."

ಅಷ್ಟರಲ್ಲಿ ಮಂದಾಕಿನಿ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳಿಗೆ ಎಚ್ಚರವಾಗದಿರಲಿ ಎಂದು ಎಲ್ಲರೂ ಸದ್ದಿಲ್ಲದೆ ಎಲೆ ಹಾಸಿಕೊಂಡು ಊಟಕ್ಕೆ ಕೂತರು, ಬಡಿಸುವವರು ತುದಿಗಾಲಲ್ಲಿ ಓಡಾಡಿದರು. ಪಾಯಸ ಇನ್ನೊಂದು ಸೌಟು ಬೇಕೆಂದು ಸಣ್ಣೀರಪ್ಪ ಪಿಸುಗುಟ್ಟಿದ್ದು ಮಾತ್ರ ಇಡೀ ಬೀದಿಗೆ ಕೇಳಿಸಿತು.